ಕ್ಯಾಮೆರಾ ಕ್ಲಾಸ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾದ ವಾಸ್ಕೋ ಹತ್ತಿರ ಬೈನಾ ಮತ್ತು ಝುವಾರಿನಗರದಲ್ಲಿ ನಾವು ಕೆಲವರು ಭಾನುವಾರ ಮಧ್ಯಾಹ್ನ ಫೋಟೋ ತೆಗೆಯೋದನ್ನು ಕಲಿಸುತ್ತೇವೆ. ಬರುವವರು ಹೆಚ್ಚಾಗಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು, ಅವರ ಮಕ್ಕಳು. ಫೋನ್ ಮಾಡುವವರು, ದಾರಿಯಲ್ಲಿ ನಿಲ್ಲಿಸಿ ಕೇಳುವವರು, ಸಹಾಯ ಮಾಡ್ತೀವಿ ಅಂತ ಬರುವವರು, ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಯಾರು ಬರಬಹುದು?

ಯಾರು ಬೇಕಾದರೂ. ಗಾರೆ ಕೆಲಸದವರು, ಮನೆಗೆಲಸದವರು, ಬೀಚ್‌ನಲ್ಲಿ ಸರ, ಶಾಲು ಮಾರುವ ಲಂಬಾಣಿ ಅಕ್ಕಂದಿರು, ಹೋಟೆಲ್ ಹುಡುಗರು, ಶಾಲೆ ಮಕ್ಕಳು. ಮಕ್ಕಳಿಗೆ 10 ವರ್ಷ ಆಗಿರಬೇಕು. ಅದಕ್ಕಿಂತ ಚಿಕ್ಕವರು ಅಕ್ಕನ ಜೊತೆ ಬಂದು ಕೂತರೆ ನಾವೇನೂ ಕಳಿಸಿಬಿಡುವುದಿಲ್ಲ. ಫೀಸ್ ಇಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯ್ತಲ್ಲ? ದುಡಿದು ತಿನ್ನೋರಿಗೆ ಕ್ಯಾಮೆರಾ ಯಾಕೆ?

ಈ ಪ್ರಶ್ನೆ ಕೇಳುವವರು ಯಾವಾಗಲೂ ಹೊರಗಿನವರು. ಕಲಿಯಲು ಬರುವವರು ಇದನ್ನು ಕೇಳುವುದಿಲ್ಲ. ಅವರ ಕೈಯಲ್ಲಿ ಆಗಲೇ ಫೋನ್ ಇದೆ, ಅದರಲ್ಲಿ ಸಾವಿರಾರು ಫೋಟೋ ಇವೆ.

ಗೋವಾದಲ್ಲಿ ಒಂದು ವಿಚಿತ್ರ ಇದೆ. ಬುಧವಾರ ಅಂಜುನಾ ಸಂತೆಗೆ ಹೋಗಿ ನೋಡಿ. ಕನ್ನಡಿ ಹಚ್ಚಿದ ಬಟ್ಟೆ, ಬೆಳ್ಳಿ ಒಡವೆ ಹಾಕಿಕೊಂಡು ವ್ಯಾಪಾರಕ್ಕೆ ಕೂತ ಲಂಬಾಣಿ ಹೆಂಗಸರನ್ನು ಪ್ರವಾಸಿಗರು ಒಂದು ಮಾತೂ ಕೇಳದೆ ಕ್ಲಿಕ್ಕಿಸುತ್ತಾರೆ. ಆ ಫೋಟೋಗಳು ಎಲ್ಲೆಲ್ಲಿಗೋ ಹೋಗುತ್ತವೆ. ಫೋಟೋದಲ್ಲಿ ಇರುವವರಿಗೆ ಒಂದು ಪ್ರತಿ ಕೂಡ ಸಿಗುವುದಿಲ್ಲ. ಕಟ್ಟಡದ ಕೆಲಸದವರ ಫೋಟೋ ಪೇಪರಿನಲ್ಲಿ ಬರೋದು ಯಾವಾಗ? ಯಾರಾದರೂ ಮೇಲಿಂದ ಬಿದ್ದಾಗ. 2004ರಲ್ಲಿ ಬೈನಾ ಕಡಲ ದಂಡೆಯ ಮನೆಗಳನ್ನು ಕೆಡವಿದಾಗಲೂ ಕ್ಯಾಮೆರಾ ಹಿಡಿದು ಬಂದವರು ಪೇಪರ್, ಟಿವಿಯವರು. ಅಲ್ಲಿ ವಾಸ ಇದ್ದವರ ಕೈಯಲ್ಲಿ ಆಗ ಕ್ಯಾಮೆರಾ ಫೋನ್ ಎಲ್ಲಿತ್ತು?

ಅಂದರೆ ಈ ಜನಕ್ಕೆ ಫೋಟೋ ಹೊಸದಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ಯಾರಿಗೆ ತೋರಿಸಬೇಕು ಅಂತ ಅವರೇ ತೀರ್ಮಾನ ಮಾಡುವುದು ಹೊಸದು. ನಮ್ಮ ಕ್ಲಾಸ್ ಇರೋದು ಅದಕ್ಕೆ. ಹಿಟ್ಟಿನ ಚಿಂತೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅದನ್ನು ನಾವು ನೆನಪಿಸಬೇಕಾಗಿಲ್ಲ.

ಇದು ನಿಮ್ಮದೇ ಐಡಿಯಾನಾ?

ಅಲ್ಲ. ಬೇರೆ ಬೇರೆ ಕಡೆ ಬಹಳ ವರ್ಷಗಳಿಂದ ನಡೆದಿದೆ. ಅಮೆರಿಕದ ವೆಂಡಿ ಎವಾಲ್ಡ್ 1970ರ ದಶಕದಲ್ಲಿ ಕೆಂಟಕಿಯ ಗುಡ್ಡಗಾಡಿನ ಶಾಲೆ ಮಕ್ಕಳಿಗೆ ಕ್ಯಾಮೆರಾ ಕೊಟ್ಟು ಅವರ ಮನೆ, ಪ್ರಾಣಿ, ಕೊನೆಗೆ ಅವರ ಕನಸುಗಳನ್ನೇ ಫೋಟೋ ಮಾಡಿಸಿದರು. 1991ರಲ್ಲಿ ನ್ಯಾನ್ಸಿ ಮೆಕ್‌ಗಿರ್ ಗ್ವಾಟೆಮಾಲಾ ನಗರದ ಕಸದ ಗುಡ್ಡೆ ಪಕ್ಕದಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ಕಲಿಸಲು ಶುರು ಮಾಡಿದರು. ಅದಾದ ಸ್ವಲ್ಪದರಲ್ಲೇ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ರೈತ ಹೆಂಗಸರಿಗೆ ಕ್ಯಾಮೆರಾ ಕೊಟ್ಟರು. ಅವರ ಆರೋಗ್ಯ, ಅವರ ಕೆಲಸದ ಕಷ್ಟಗಳನ್ನು ಅಧಿಕಾರಿಗಳಿಗೆ ಅವರೇ ತೋರಿಸಲಿ ಅನ್ನೋದು ಉದ್ದೇಶ. ಈ ಪದ್ಧತಿಗೆ 'ಫೋಟೋವಾಯ್ಸ್' ಅನ್ನುತ್ತಾರೆ. ನಾವು ಜಾಸ್ತಿ ಎರವಲು ತಂದಿರೋದು ಇಲ್ಲಿಂದಲೇ.

ನಮ್ಮ ದೇಶದ ಉದಾಹರಣೆ ಹೇಳಿದರೆ ಎಲ್ಲರಿಗೂ ನೆನಪಾಗುವುದು ಕೊಲ್ಕತ್ತಾದ ಸೋನಾಗಾಛಿ, ಲೈಂಗಿಕ ಕಾರ್ಯಕರ್ತೆಯರು ಇರುವ ಬಡಾವಣೆ. ಅಲ್ಲಿನ ಮಕ್ಕಳಿಗೆ ಕ್ಯಾಮೆರಾ ಕಲಿಸಿದ ಕತೆ ಸಾಕ್ಷ್ಯಚಿತ್ರವಾಗಿ 2005ರಲ್ಲಿ ಆಸ್ಕರ್ ಕೂಡ ಗೆದ್ದಿತು. ಆದರೆ ತಾಯಂದಿರನ್ನು ಕೆಟ್ಟವರ ಹಾಗೆ ತೋರಿಸಿದ್ದಾರೆ ಅನ್ನೋ ತಕರಾರೂ ಜೋರಾಗಿಯೇ ಬಂತು. ಆ ತಕರಾರು ನಮಗೆ ಆ ಪ್ರಶಸ್ತಿಗಿಂತ ಉಪಯೋಗದ್ದು. ಮಕ್ಕಳಿಗೆ ಕ್ಯಾಮೆರಾ ಕೊಡೋರು ಮನೆಯವರನ್ನು ಹೊರಗಿಡಬಾರದು. ಹಾಗಾಗಿ ನಾವು ತಾಯಂದಿರನ್ನೂ ಕ್ಲಾಸಿಗೆ ಕರೆಯುತ್ತೇವೆ.

ಕ್ಯಾಮೆರಾ ಬೇಕಾ, ಫೋನ್ ಸಾಕಾ?

ಫೋನ್ ಸಾಕು. ಪರದೆ ಒಡೆದಿದ್ದರೂ ನಡೆಯುತ್ತೆ. ಫೋನ್ ಇಲ್ಲದವರಿಗೆ ಕೆಲವು ಹಳೆ ಡಿಜಿಟಲ್ ಕ್ಯಾಮೆರಾ ಇವೆ, ವಾರದ ಲೆಕ್ಕದಲ್ಲಿ ಕೊಡುತ್ತೇವೆ.

ಒಂದು ಕಟ್ಟುನಿಟ್ಟು ಮಾತ್ರ ಇದೆ. ವಾರಕ್ಕೆ 36 ಫೋಟೋ, ಅಷ್ಟೇ. ಹಳೇ ರೀಲ್‌ನಲ್ಲಿ ಅಷ್ಟೇ ಬರುತ್ತಿತ್ತು. ಲೆಕ್ಕ ಇದ್ದಾಗ ಒತ್ತೋ ಮುಂಚೆ ಒಂದು ಸಲ ಯೋಚನೆ ಬರುತ್ತೆ. ಹುಡುಗರು ಇದಕ್ಕೆ ಬಹಳ ಗೊಣಗುತ್ತಾರೆ. ಗೊಣಗಲಿ.

ಮೊದಲು ಏನು ಕಲಿಸುತ್ತೀರಿ?

ಲೆನ್ಸ್ ಒರೆಸೋದು. ತಮಾಷೆ ಅಲ್ಲ. ಎಣ್ಣೆ ಕೈ, ಸಿಮೆಂಟ್ ಧೂಳು, ಕಡಲ ಗಾಳಿಯ ಉಪ್ಪು ಎಲ್ಲ ಸೇರಿ ಲೆನ್ಸ್ ಮಬ್ಬಾಗಿರುತ್ತೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಆಮೇಲೆ ಬೆಳಕು. ಒಬ್ಬರನ್ನು ಬಾಗಿಲ ಹತ್ತಿರ ನಿಲ್ಲಿಸಿ ಮುಖ ಒಳಗೆ, ಮುಖ ಹೊರಗೆ, ಮಗ್ಗುಲಿಗೆ, ಹೀಗೆ ಮೂರು ಸಲ ತೆಗೆಯಿರಿ ಅನ್ನುತ್ತೇವೆ. ತಗಡಿನ ಮನೆಯ ಬಾಗಿಲಿನಿಂದ ಬರುವ ಬೆಳಕು ಎಷ್ಟು ಚೆಂದ ಅಂದರೆ ಸ್ಟುಡಿಯೋದವರು ದುಡ್ಡು ಕೊಟ್ಟು ಅದನ್ನೇ ಮಾಡಿಕೊಳ್ಳುತ್ತಾರೆ. ಪರದೆಯಲ್ಲಿ ಕಾಣುವ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಅಲ್ಲಿಗೆ ಹೊಂದುತ್ತೆ. ಜೂಮ್ ಬೇಡ, ನಡೆದು ಹತ್ತಿರ ಹೋಗಿ. ಕೈ ನಡುಗಿದರೆ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ವಾಲ್ಯೂಮ್ ಗುಂಡಿ ಒತ್ತಿಯೂ ಫೋಟೋ ತೆಗೆಯಬಹುದು. ಇಷ್ಟಾದರೆ ತಾಂತ್ರಿಕ ಪಾಠ ಮುಗಿದ ಹಾಗೇ. ಉಳಿದ ವಾರಗಳೆಲ್ಲ ಮಾತು.

ಓದು ಬರಹ ಬರದವರು ಕಲಿಯಬಹುದಾ?

ಕಲಿಯಬಹುದು. ಅವರಿಗೇ ಇದು ಜಾಸ್ತಿ ಒಗ್ಗುತ್ತೆ. ಫೋಟೋದ ಕೆಳಗೆ ಬರೆಯುವ ಮಾತನ್ನು ಅವರು ಬಾಯಲ್ಲಿ ಹೇಳುತ್ತಾರೆ, ನಾವು ರೆಕಾರ್ಡ್ ಮಾಡಿಕೊಂಡು ಹೇಳಿದ ಹಾಗೇ ಬರೆಯುತ್ತೇವೆ. ಬಾಗಲಕೋಟೆ ಕನ್ನಡವನ್ನು ಪುಸ್ತಕದ ಕನ್ನಡ ಮಾಡುವುದಿಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವವರು ಅದರಲ್ಲೇ ಹೇಳಬಹುದು. ಅರ್ಥ ಆಗದಿದ್ದರೆ ಅವರ ಮಕ್ಕಳು ಕನ್ನಡದಲ್ಲಿ ಹೇಳಿಕೊಡುತ್ತಾರೆ, ಅದರಲ್ಲೂ ಜಗಳ ನಡೆಯುತ್ತೆ. ಅವ್ವ ಹಾಗೆ ಅಂದೇ ಇಲ್ಲ ಅಂತ.

ಫೋನ್‌ನಲ್ಲಿ ಮುಖ ಬೆಳ್ಳಗೆ ಮಾಡೋದು ಇದೆಯಲ್ಲ, ಅದನ್ನು ಹಾಕಿಕೊಳ್ಳಬಹುದಾ?

ಮನೆಯಲ್ಲಿ ನಿಮ್ಮಿಷ್ಟ. ಕ್ಲಾಸಿನ ಫೋಟೋಕ್ಕೆ ಬೇಡ.

ಎಷ್ಟೋ ಫೋನ್‌ಗಳಲ್ಲಿ ಈ 'ಬ್ಯೂಟಿ' ಮೊದಲೇ ಆನ್ ಆಗಿರುತ್ತೆ. ಬಿಸಿಲಲ್ಲಿ ದುಡಿದ ಮುಖವನ್ನು ಅದು ಉಜ್ಜಿ ಬೆಳ್ಳಗೆ ಮಾಡಿಬಿಡುತ್ತೆ. ಅದನ್ನು ಆಫ್ ಮಾಡಿಸಿದ ದಿನ ಕ್ಲಾಸಿನಲ್ಲಿ ಗಲಾಟೆ ಗ್ಯಾರಂಟಿ. ನಾನು ಇಷ್ಟು ಕಪ್ಪಾ ಅಂತ ಒಬ್ಬರು, ಇದ್ದ ಹಾಗೇ ಇದ್ದೀಯಲ್ಲ ಅಂತ ಇನ್ನೊಬ್ಬರು. ಈ ಗಲಾಟೆ ನಮಗೆ ಬೇಕು. ಕಪ್ಪು ಬಣ್ಣದವರಿಗೆ ಕ್ಯಾಮೆರಾ ಮಾಡುವ ಮೋಸ ಇವತ್ತಿನದೂ ಅಲ್ಲ. ಫೋಟೋ ಲ್ಯಾಬ್‌ಗಳು ಬಣ್ಣ ಹೊಂದಿಸಿಕೊಳ್ಳಲಿ ಅಂತ ಕೊಡಾಕ್ ಕಂಪನಿ 'ಶರ್ಲಿ ಕಾರ್ಡ್' ಕಳಿಸುತ್ತಿತ್ತು. ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸರ ಮುಖ ಮಾತ್ರ. ಅವರ ಚರ್ಮ ಸರಿ ಕಂಡರೆ ಎಲ್ಲ ಸರಿ ಅನ್ನೋ ಲೆಕ್ಕ. ಇದನ್ನು ಹೇಳಿದಾಗ ಫೋಟೋದಲ್ಲಿ ಮುಖ ಕಪ್ಪಾಗಿ ಬಂದಿದ್ದಕ್ಕೆ ನಾಚಿಕೆ ಪಡುತ್ತಿದ್ದ ಹುಡುಗಿಯರು ಕ್ಯಾಮೆರಾವನ್ನೇ ಬೈಯಲು ಶುರು ಮಾಡುತ್ತಾರೆ. ಬಿಳಿ ಗೋಡೆ ಮುಂದೆ ನಿಲ್ಲಿಸಬೇಡಿ, ಪರದೆಯಲ್ಲಿ ಮುಖದ ಮೇಲೆ ಒತ್ತಿ ಬೆಳಕು ಹೊಂದಿಸಿ. ಚೆನ್ನಾಗಿ ಬರುತ್ತೆ.

ಫೋಟೋ ತೆಗೆದ ಮೇಲೆ ಏನು ಮಾಡುತ್ತೀರಿ?

ಪ್ರತಿಯೊಬ್ಬರೂ ತಮ್ಮ 36ರಲ್ಲಿ ಎರಡು ಆರಿಸುತ್ತಾರೆ. ಅದನ್ನು ಪ್ರಿಂಟ್ ಹಾಕಿಸುತ್ತೇವೆ. ಪ್ರಿಂಟ್ ಕಡ್ಡಾಯ. ಪರದೆ ಮೇಲಿನ ಫೋಟೋವನ್ನು ಜನ ಬೆರಳಲ್ಲಿ ಸರಿಸಿಬಿಡುತ್ತಾರೆ, ಕಾಗದದ ಫೋಟೋ ಕೈಗೆ ಬಂದರೆ ನಿಂತು ನೋಡುತ್ತಾರೆ.

ಎಲ್ಲ ಪ್ರಿಂಟ್ ನೆಲದ ಮೇಲೆ ಹರಡಿ ಸುತ್ತ ಕೂರುತ್ತೇವೆ. ಕೇಳುವುದು ಐದೇ ಪ್ರಶ್ನೆ. ಇದರಲ್ಲಿ ಏನು ಕಾಣುತ್ತೆ? ನಿಜವಾಗಿ ನಡೆಯುತ್ತಿರೋದು ಏನು? ನಮ್ಮ ಬದುಕಿಗೂ ಇದಕ್ಕೂ ಏನು ಸಂಬಂಧ? ಇದು ಹೀಗೇಕೆ ಇದೆ? ಏನು ಮಾಡಬಹುದು? ಫೋಟೋವಾಯ್ಸ್ ನಡೆಸುವವರು ಎಲ್ಲ ಕಡೆ ಬಳಸುವ ಪ್ರಶ್ನೆಗಳೇ ಇವು. ಇದರ ಬೇರು ಬ್ರೆಜಿಲ್‌ನ ಪಾವ್ಲೊ ಫ್ರೇರೆ ಅವರಲ್ಲಿದೆ. ಅವರು ಅಕ್ಷರ ಕಲಿಸುವ ಮುಂಚೆ ಕೂಲಿಕಾರರ ಮುಂದೆ ಅವರದೇ ಬದುಕಿನ ಚಿತ್ರ ಇಟ್ಟು ಮಾತಾಡಿಸುತ್ತಿದ್ದರು.

ನಳದ ಮುಂದೆ ಕೊಡಗಳ ಸಾಲು. ಇದು ಪ್ರತಿ ತಂಡದಲ್ಲೂ ಬಂದೇ ಬರುತ್ತೆ. ಮೊದಲ ಪ್ರಶ್ನೆಗೆ ಎಲ್ಲರೂ ಕೊಡ ಅನ್ನುತ್ತಾರೆ. ಎರಡನೆಯದಕ್ಕೆ ಬಂದಾಗ ನೀರು ಎಷ್ಟು ಗಂಟೆಗೆ ಬಿಡುತ್ತಾರೆ, ಯಾರ ನಿದ್ದೆ ಹಾಳು, ಕೊಡ ಇಟ್ಟು ಹೋದವಳು ಮುಂದೋ ನಿಂತವಳು ಮುಂದೋ ಅನ್ನೋ ಜಗಳ ಎಲ್ಲ ಹೊರಗೆ ಬರುತ್ತೆ. ಐದನೆಯ ಪ್ರಶ್ನೆಗೆ ಕೆಲವು ಸಲ ಉತ್ತರ ಇರುತ್ತೆ: ಈ ಫೋಟೋ ತಗೊಂಡು ಪಂಚಾಯತಿಗೆ ಹೋಗೋಣ. ಕೆಲವು ಸಲ ಇರುವುದಿಲ್ಲ. ಇಲ್ಲದಿದ್ದರೆ ಇಲ್ಲ. ಒತ್ತಾಯ ಮಾಡಿ ಪರಿಹಾರ ಹೇಳಿಸುವುದು ಶಾಲೆ ಪ್ರಬಂಧ ಬರೆಸಿದ ಹಾಗೆ ಆಗುತ್ತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಹಾಯ ಮಾಡಲು ಬಂದವರು ಕಷ್ಟದ ಫೋಟೋ ಹುಡುಕುತ್ತಾರೆ. ಹರಿಯುವ ಚರಂಡಿ, ಅಳುವ ಮಗು, ಒಡೆದ ತಗಡು. ಇಲ್ಲಿನ ಹೆಂಗಸರು ಮೊದಲ ವಾರ ತರುವ ಫೋಟೋ ಬೇರೆಯೇ. ಹಲಗೆ ಮೇಲೆ ಥಳಥಳ ಹೊಳೆಯುವ ಸ್ಟೀಲ್ ಪಾತ್ರೆಗಳ ಸಾಲು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮುಂದೆ ಲೋಟ ಬೋರಲು ಹಾಕಿ. ಒಂದು ಕೋಣೆಯ ಮನೆಯಲ್ಲಿ ಅದೇ ಶೋಕೇಸ್. ಯಾವ ಡಬ್ಬಿ ಯಾವ ಚೀಟಿ ದುಡ್ಡಲ್ಲಿ ತಗೊಂಡಿದ್ದು, ಯಾವುದು ತವರಿನದು, ಯಾವುದರ ಮೇಲೆ ಯಾರ ಹೆಸರು ಕೊರೆಸಿದೆ ಅಂತ ಅರ್ಧ ಗಂಟೆ ಮಾತು ಬರುತ್ತೆ. ಇದನ್ನು ಹೊರಗಿನವರು 'ಸುಮ್ನೆ ಪಾತ್ರೆ ಫೋಟೋ' ಅಂತ ಬದಿಗೆ ಇಡುತ್ತಾರೆ. ನಮ್ಮ ಪ್ರಕಾರ ಇಡೀ ಕ್ಲಾಸಿನ ಒಳ್ಳೆ ಫೋಟೋ ಇವೇ. ತಮ್ಮನ್ನು ಹೇಗೆ ನೋಡಬೇಕು ಅಂತ ಅವರು ಹೇಳಿಬಿಟ್ಟಿದ್ದಾರೆ. ಪಾಪ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ ಹೇಳಿ?

ನನ್ನ ಮಗಳ ಫೋಟೋ ಇಂಟರ್ನೆಟ್‌ಗೆ ಹಾಕುತ್ತೀರಾ?

ಇಲ್ಲ ಅಕ್ಕಾ. ಮಕ್ಕಳ ಮುಖ ಗುರುತು ಸಿಗುವ ಫೋಟೋ ನಾವು ಎಲ್ಲೂ ಹಾಕುವುದಿಲ್ಲ. ಅವರು ತೆಗೆದ ಫೋಟೋ ಹಾಕಬೇಕಾದರೂ ಅವರನ್ನೂ ಕೇಳುತ್ತೇವೆ, ನಿಮ್ಮನ್ನೂ ಕೇಳುತ್ತೇವೆ. ಹೆಸರು ಹಾಕಬೇಕಾ, ಬೇಡವಾ ಅನ್ನೋದೂ ನಿಮ್ಮದೇ ಮಾತು.

ಕೇಳುವುದು ಒಂದೇ ಸಲ ಅಲ್ಲ. ಸೇರಿದ ದಿನ ಸಹಿ ಹಾಕಿಸಿಕೊಂಡ ಕಾಗದ ಮುಂದಿನ ಎಲ್ಲದಕ್ಕೂ ಆಗುವುದಿಲ್ಲ. ತೆಗೆಯುವಾಗ ಒಮ್ಮೆ, ಪ್ರಿಂಟ್ ಆದ ಮೇಲೆ ಒಮ್ಮೆ, ಹೊರಗೆ ತೋರಿಸುವ ಮುಂಚೆ ಒಮ್ಮೆ ಕೇಳುತ್ತೇವೆ. ನಿನ್ನೆ ಹೂಂ ಅಂದವರು ಇವತ್ತು ಬೇಡ ಅಂದರೆ ಬೇಡ. ಕಾರಣ ಕೇಳುವುದಿಲ್ಲ. ಒಂದು ಮಾತು ನೆನಪಿಡಿ: ಇಂಟರ್ನೆಟ್‌ಗೆ ಹೋದ ಫೋಟೋವನ್ನು ಪೂರ್ತಿ ವಾಪಸ್ ತರಲು ಯಾರಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಯೇ ಕೇಳುತ್ತೇವೆ.

ಕಾನೂನೂ ಇದೆ. ದೌರ್ಜನ್ಯಕ್ಕೆ ಒಳಗಾದ ಅಥವಾ ರಕ್ಷಣೆಯಲ್ಲಿರುವ ಮಗುವಿನ ಹೆಸರು, ಮುಖ, ಶಾಲೆ, ಮನೆ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡಬಾರದು. 2012ರ ಪೋಕ್ಸೊ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಎರಡೂ ಇದನ್ನು ಹೇಳುತ್ತವೆ.

ಫೋಟೋ ಒಳಗೆ ಅಡಗಿರುವ ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಫೋನ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಯಾವ ಜಾಗದಲ್ಲಿ ತೆಗೆದದ್ದು ಅಂತ ಅದರೊಳಗೇ ದಾಖಲಾಗುತ್ತೆ. ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿಸುವುದು ನಮ್ಮ ಎರಡನೇ ವಾರದ ಪಾಠ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋದಿಂದ ಈ ಮಾಹಿತಿ ಹೋಗಿಬಿಡುತ್ತೆ, 'ಡಾಕ್ಯುಮೆಂಟ್' ಅಂತ ಕಳಿಸಿದರೆ ಹಾಗೇ ಉಳಿಯುತ್ತೆ.

ಬೀಚ್‌ನಲ್ಲಿ ವ್ಯಾಪಾರ ಮಾಡುವವರು ತಮ್ಮ ಕೆಲಸದ ಫೋಟೋ ತೆಗೆಯಬಹುದಾ?

ತೆಗೆಯಬಹುದು, ಆದರೆ ಜೋಪಾನ. ಗೋವಾದ ಪ್ರವಾಸಿ ಸ್ಥಳಗಳ ಬಗ್ಗೆ 2001ರಲ್ಲಿ ಬಂದ ಕಾಯ್ದೆ ಬೀಚ್‌ನಲ್ಲಿ ಸುತ್ತಾಡಿ ಮಾರುವುದನ್ನು ತಡೆಯುತ್ತೆ. ಪೊಲೀಸರು ಬಂದರೆ ಮೂಟೆ ಕಟ್ಟಿ ಓಡಬೇಕು. ಮುಖ, ಜಾಗ, ದಿನ ಮೂರೂ ತಿಳಿಯುವ ಫೋಟೋ ಅವರ ಮೇಲೇ ಸಾಕ್ಷಿ ಆದೀತು. ಹಾಗಾಗಿ ಅಕ್ಕಂದಿರೇ ದಾರಿ ಹುಡುಕಿಕೊಂಡಿದ್ದಾರೆ. ಕೈ, ಬಳೆ, ಮರಳಿನ ಮೇಲಿನ ಹೆಜ್ಜೆ, ತಲೆ ಮೇಲಿನ ಮೂಟೆಯ ನೆರಳು. ಮುಖ ಇಲ್ಲದೆಯೂ ಅವರ ಇಡೀ ದಿನ ಅದರಲ್ಲಿ ಬರುತ್ತೆ.

ಎಲ್ಲಿ ಫೋಟೋ ತೆಗೆಯಲೇಬಾರದು?

ವಾಸ್ಕೋದಲ್ಲಿ ಇರುವವರಿಗೆ ಇದು ಮುಖ್ಯ. ದಾಬೋಳಿಯಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ ಇದೆ. ನೌಕಾಪಡೆಯ ಗೋಡೆ, ಗೇಟು, ರನ್‌ವೇ ಕಡೆ ಕ್ಯಾಮೆರಾ ತಿರುಗಿಸಬೇಡಿ. ಮುರ್ಮುಗೋವಾ ಬಂದರಿನ ಒಳಗೂ ಬೇಡ. ವಿಮಾನ ಇಳಿಯುವುದು ಚೆಂದ ಕಾಣುತ್ತೆ, ಹುಡುಗರಿಗೆ ಆಸೆ, ಗೊತ್ತು. ಆದರೂ ಬೇಡ. ಗೋವಾದಲ್ಲಿ ಕನ್ನಡದ ಕೂಲಿ ಹುಡುಗ ಸಿಕ್ಕಿಬಿದ್ದರೆ ಪ್ರವಾಸಿಗನಿಗೆ ಸಿಗುವ ರಿಯಾಯಿತಿ ಸಿಗುವುದಿಲ್ಲ.

ಬೇರೆಯವರ ಬಚ್ಚಲು, ಸ್ನಾನ, ಮಲಗಿದವರು, ಕುಡಿದು ಬಿದ್ದವರು ಬೇಡ. ಹೆಣದ ಫೋಟೋ ಮನೆಯವರು ಕರೆದರೆ ಮಾತ್ರ. ನಮ್ಮ ಕಡೆ ಅದನ್ನು ತೆಗೆಸುವ ರೂಢಿ ಇದೆ, ಅದಕ್ಕೇ ಬರೆದೆವು.

ಫೋಟೋದಿಂದ ಮನೆಯ ಹೊಡೆತ, ಬಡಿತ ಗೊತ್ತಾದರೆ?

ಗುಂಪಿನಲ್ಲಿ ಆ ಫೋಟೋ ಇಡುವುದಿಲ್ಲ. ತಂದವರ ಜೊತೆ ಬೇರೆ ಕೂತು ಮಾತಾಡುತ್ತೇವೆ. ಮಕ್ಕಳ ಸಹಾಯವಾಣಿ 1098, ಹೆಂಗಸರಿಗೆ 181. ಈ ನಂಬರ್‌ಗಳು ಕ್ಲಾಸಿನ ಗೋಡೆ ಮೇಲೆ ಯಾವಾಗಲೂ ಇವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಆಗ ಗುಟ್ಟು ಕಾಯುವ ಮಾತು ಕೊಡಲು ನಮಗೆ ಆಗುವುದಿಲ್ಲ. ಇದನ್ನೂ ಸೇರುವ ದಿನವೇ ಹೇಳುತ್ತೇವೆ.

ಫೋಟೋ ಯಾರದ್ದು? ನಿಮ್ಮದೋ, ನಮ್ಮದೋ?

ತೆಗೆದವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಆ ಹಕ್ಕು ಅವರ ಜೀವನ ಪೂರ್ತಿ, ಅದಾದ ಮೇಲೆ 60 ವರ್ಷ ಇರುತ್ತೆ. ಕ್ಯಾಮೆರಾ ನಾವು ಕೊಟ್ಟೆವು ಅನ್ನೋ ಕಾರಣಕ್ಕೆ ನಮ್ಮದಾಗುವುದಿಲ್ಲ. ಯಾರಾದರೂ ಕ್ಯಾಲೆಂಡರಿಗೆ, ಪತ್ರಿಕೆಗೆ ಕೇಳಿದರೆ ದುಡ್ಡು ನೇರ ನಿಮ್ಮ ಖಾತೆಗೆ. ಪುಕ್ಕಟೆ ಕೊಡಿ, ಹೆಸರು ಬರುತ್ತೆ ಅನ್ನುವವರಿಗೆ ನಾವೇ ಇಲ್ಲ ಅಂದುಬಿಡುತ್ತೇವೆ.

ಕಲಿತರೆ ಕೆಲಸ ಸಿಗುತ್ತಾ?

ಇದರ ಮೇಲೆ ಭರವಸೆ ಇಟ್ಟು ಸೇರಬೇಡಿ. ಹುಡುಗರಿಗೆ ಮದುವೆ ಫೋಟೋದವರ ಹತ್ತಿರ ಲೈಟ್ ಹಿಡಿಯುವ ಕೆಲಸ, ಆಲ್ಬಮ್ ಅಂಗಡಿಯ ಕೆಲಸ ಸಿಗಬಹುದು. ಮುಂಬೈಯ ಝೋಯಾ ಥಾಮಸ್ ಲೋಬೊ ಅಂಥವರೂ ಇದ್ದಾರೆ. ಲೋಕಲ್ ರೈಲಿನಲ್ಲಿ ಭಿಕ್ಷೆ ಬೇಡುತ್ತಿದ್ದ ಆ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳು ಹಳೆ ಕ್ಯಾಮೆರಾ ಕೊಂಡು, 2020ರ ಏಪ್ರಿಲ್‌ನಲ್ಲಿ ಬಾಂದ್ರಾ ಸ್ಟೇಷನ್ ಹೊರಗೆ ಊರಿಗೆ ಹೋಗಲು ಸೇರಿದ ಕೂಲಿಗಳ ಫೋಟೋ ತೆಗೆದರು. ಈಗ ಪತ್ರಿಕಾ ಫೋಟೋಗ್ರಾಫರ್ ಅಂತ ಹೆಸರಾಗಿದ್ದಾರೆ. ಆದರೆ ಒಬ್ಬರ ಹೆಸರು ಹೇಳಿ ಎಲ್ಲರಿಗೂ ಆಸೆ ಹುಟ್ಟಿಸುವುದು ಸರಿಯಲ್ಲ, ಅಲ್ವಾ?

ಕಣ್ಣು ಕಾಣದವರು?

ಬರಲಿ. ಪಾರ್ಥೋ ಭೌಮಿಕ್ 2006ರಿಂದ ಮುಂಬೈಯಲ್ಲಿ 'ಬ್ಲೈಂಡ್ ವಿತ್ ಕ್ಯಾಮೆರಾ' ಹೆಸರಿನಲ್ಲಿ ಇದನ್ನೇ ಮಾಡಿದ್ದಾರೆ. ದನಿ ಬಂದ ಕಡೆ ಕ್ಯಾಮೆರಾ ತಿರುಗಿಸುವುದು, ಕೈ ಚಾಚಿ ದೂರ ಅಳೆಯುವುದು, ಬಿಸಿಲ ಕಾವಿನಿಂದ ಬೆಳಕಿನ ದಿಕ್ಕು ತಿಳಿಯುವುದು. ಐಫೋನ್‌ನ ವಾಯ್ಸ್‌ಓವರ್ ಎಷ್ಟು ಮುಖ ಕಾಣುತ್ತಿವೆ ಅಂತ ಬಾಯಿಬಿಟ್ಟು ಹೇಳುತ್ತೆ.

ಪ್ರದರ್ಶನ ಎಲ್ಲಿ ಇಡುತ್ತೀರಿ? ಪಣಜಿಯಲ್ಲಿ ಇಡಬಾರದಾ?

2016ರಿಂದ ಪಣಜಿಯಲ್ಲಿ ಡಿಸೆಂಬರ್‌ಗೆ ಸೆರೆಂಡಿಪಿಟಿ ಕಲಾ ಉತ್ಸವ ನಡೆಯುತ್ತೆ, ನೋಡಲು ಕರೆದುಕೊಂಡು ಹೋಗುತ್ತೇವೆ. ಆದರೆ ನಮ್ಮ ಫೋಟೋ ಮೊದಲು ನಮ್ಮ ಓಣಿಯಲ್ಲೇ. ಬಟ್ಟೆ ಒಣ ಹಾಕುವ ಹಗ್ಗ, ಅದೇ ಕ್ಲಿಪ್ಪು. ಸಂಜೆ ಕೆಲಸ ಬಿಟ್ಟು ಬಂದವರು ನಿಂತು ನೋಡುತ್ತಾರೆ, ತಮ್ಮ ಮನೆ ಬಾಗಿಲು ಕಂಡರೆ ನಗುತ್ತಾರೆ, ತಪ್ಪು ಇದ್ದರೆ ಅಲ್ಲೇ ಬೈಯುತ್ತಾರೆ. ಓಣಿಯವರು ಬೇಡ ಅಂದ ಫೋಟೋ ಗ್ಯಾಲರಿಗೆ ಹೋಗುವುದಿಲ್ಲ.

ನಾನು ಫೋಟೋಗ್ರಾಫರ್. ಒಂದು ದಿನ ಬಂದು ಕಲಿಸಬಹುದಾ?

ಒಂದು ದಿನಕ್ಕೆ ಬೇಡ. ಕನಿಷ್ಠ ಮೂರು ತಿಂಗಳು ಭಾನುವಾರ ಬಿಡಬೇಕು. ಕನ್ನಡ ಅಥವಾ ಹಿಂದಿ ಬರಬೇಕು. ಮೊದಲ ತಿಂಗಳು ನಿಮ್ಮ ಕ್ಯಾಮೆರಾ ಮನೆಯಲ್ಲೇ ಇರಲಿ. ಕಲಿಯುವವರ ಫೋಟೋ ತೆಗೆದು ನಿಮ್ಮ ಪುಟದಲ್ಲಿ ಹಾಕಿಕೊಳ್ಳುವ ಯೋಚನೆ ಇದ್ದರೆ ಇಲ್ಲಿಗೇ ನಿಲ್ಲಿಸೋಣ.

ಹಳೆ ಕ್ಯಾಮೆರಾ ಕೊಡಬಹುದಾ?

ಕೊಡಿ. ಚಾರ್ಜರ್, ಮೆಮೊರಿ ಕಾರ್ಡ್ ಜೊತೆಗೇ ಕೊಡಿ. ಲೆನ್ಸ್‌ಗೆ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ನಿಮ್ಮ ಹಳೆ ಫೋಟೋಗಳನ್ನು ದಯವಿಟ್ಟು ಅಳಿಸಿ ಕೊಡಿ.

ಮಳೆಗಾಲದಲ್ಲಿ ಕ್ಲಾಸ್ ಇರುತ್ತಾ?

ಜೂನ್‌ನಲ್ಲಿ ಮಿರಗ ಮಳೆ ಹಿಡಿದರೆ ಅರ್ಧ ಜನ ಬಿತ್ತನೆಗೆ ಊರಿಗೆ ಹೋಗುತ್ತಾರೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ. ಆ ತಿಂಗಳುಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಇದ್ದವರ ಜೊತೆ ಹಳೆ ಪ್ರಿಂಟ್ ನೋಡಿ ಮಾತು ಬರೆದುಕೊಳ್ಳುತ್ತೇವೆ. ಕ್ಯಾಮೆರಾ ತಗೊಂಡು ಊರಿಗೆ ಹೋಗುವವರು ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಿ. ಹೊಸದಾಗಿ ಸೇರುವವರು ಗಣೇಶ ಚೌತಿ ಮುಗಿದ ಮೇಲಿನ ಮೊದಲ ಭಾನುವಾರ ಮೂರು ಗಂಟೆಗೆ ಬನ್ನಿ. ಮಕ್ಕಳ ಜೊತೆ ಮನೆಯವರೊಬ್ಬರು ಇರಲಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಅಲ್ಲಿ ಪ್ಲಗ್ ಒಂದೇ ಇದೆ.